ಕಾಲಿನ ಗ್ಲಾಸು ಮತ್ತು ಹನ್ನೊಂದು ಪೀಪಾಯಿ

ನನ್ನ ಮೂಗಿಗೆ ಇಪ್ಪತ್ತೊಂಬತ್ತು ವರ್ಷ ಸಂಬಳ ಬಂದಿದೆ. ಮಾಗಡಿ ರಸ್ತೆಯಲ್ಲಿ ಊರು ಮುಗಿಯಿತು ಅನ್ನಿಸಿದ ಮೇಲೂ ಸುಮಾರು ದೂರ ಹೋದರೆ ಸಿಗುತ್ತಿದ್ದ ಒಂದು ಡಿಸ್ಟಿಲರಿಯಲ್ಲಿ ವಿಸ್ಕಿಯ ವಾಸನೆ ನೋಡುವುದು ನನ್ನ ಕೆಲಸವಾಗಿತ್ತು. ಕಾರ್ಖಾನೆಯ ಹೆಸರು ಇಲ್ಲಿ ಬೇಡ. ಈಗ ಕೆಮಿಸ್ಟ್ರಿ ಓದಿದ ಹುಡುಗ ಹುಡುಗಿಯರು ಈ ಕೆಲಸಕ್ಕೆ ಬರುತ್ತಿದ್ದಾರೆ, ಕೆಲವರು ಫೋನ್ ಮಾಡಿ ದಿನಾ ಪುಕ್ಕಟೆ ಮಾಲ್ಟ್ ಕುಡಿಯಬಹುದಂತೆ ಹೌದಾ ಸಾರ್ ಎಂದು ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬಡ್ತಿಯ ವಿಷಯ ಬರೆಯುವುದಿಲ್ಲ. ಅದು ಎಲ್ಲರಿಗೂ ಒಂದೇ ಥರ ತಡವಾಗಿ ಬರುತ್ತದೆ.

ಇಂಟರ್‌ವ್ಯೂಗೆ ಹೋದಾಗ ನನ್ನ ಮಾರ್ಕ್ಸ್ ಕಾರ್ಡನ್ನು ಯಾರೂ ತೆರೆದು ನೋಡಲಿಲ್ಲ. ರಂಗಾಚಾರ್ ಎಂಬ ಸಣ್ಣ ಆಳಿನ ಹಿರಿಯರೊಬ್ಬರು ನಾಲ್ಕು ಗ್ಲಾಸು ನೀರಿಟ್ಟು, ಇದರಲ್ಲಿ ಯಾವುದು ಬೇರೆ ಎಂದು ಕೇಳಿದರು. ನಾನು ಮೂರನೆಯದನ್ನು ತೋರಿಸಿದೆ. ಹೇಗೆ ಗೊತ್ತಾಯಿತು ಅಂದರು. ಹೊಸ ಪ್ಲಾಸ್ಟಿಕ್ ಬಿಂದಿಗೆಯ ವಾಸನೆ ಅಂದೆ. ಅವರು ಮನೆಯಲ್ಲಿ ಯಾವ ಎಣ್ಣೆಯಲ್ಲಿ ಒಗ್ಗರಣೆ ಹಾಕುತ್ತಾರೆ ಎಂದು ಕೇಳಿ ಬರೆದುಕೊಂಡರು. ಮುಂದಿನ ಸೋಮವಾರದಿಂದ ಕೆಲಸಕ್ಕೆ ಬಾ ಅಂದರು.

ಕೆಲಸ ಸಿಕ್ಕ ಮೇಲೆ ಬದಲಾಗಿದ್ದು ನನಗಿಂತ ಹೆಚ್ಚಾಗಿ ನಮ್ಮ ಮನೆ. ನಮ್ಮದು ದಾವಣಗೆರೆ ಕಡೆಯ ಮನೆತನ. ಬೆಳಿಗ್ಗೆ ಲಿಂಗಪೂಜೆ ಆಗದೆ ಬಾಯಿಗೆ ನೀರು ಹಾಕದವರು. ಊದುಬತ್ತಿಯ ಹೊಗೆ ಅಂಗಿಗೆ ಹತ್ತಿದರೆ ಮಧ್ಯಾಹ್ನದವರೆಗೂ ಮೂಗು ಕೆಲಸ ಮಾಡುವುದಿಲ್ಲ. ಹಾಗಾಗಿ ನನ್ನ ಹೆಂಡತಿ ಗಿರಿಜಾ ಊದುಬತ್ತಿ ಹಚ್ಚುವುದನ್ನು ಸಂಜೆಗೆ ಹಾಕಿದಳು. ತಲೆಗೆ ಹಚ್ಚುವ ಎಣ್ಣೆ ಭಾನುವಾರಕ್ಕೆ ಮಾತ್ರ ಅಂತಾಯಿತು. ದೇವರಿಗೂ ನೀವು ಶಿಫ್ಟ್ ಬದಲಾಯಿಸಿಬಿಟ್ಟಿರಿ ಎಂದು ಅವಳು ಬೇಜಾರಿನಲ್ಲೇ ನಗುತ್ತಿದ್ದಳು. ಸಾಲದ್ದಕ್ಕೆ ಸಂಜೆ ಮನೆಗೆ ಬರುವಾಗ ನನ್ನ ಬಟ್ಟೆ ಗೋದಾಮಿನ ವಾಸನೆ ಹೊಡೆಯುತ್ತಿತ್ತು. ಬಸ್ಸಿನಲ್ಲಿ ಪಕ್ಕದವರು ಎದ್ದು ಬೇರೆ ಸೀಟಿಗೆ ಹೋಗುತ್ತಿದ್ದರು. ವಿಜಯನಗರದ ನಮ್ಮ ಬೀದಿಯಲ್ಲಿ ಪಾಪ, ದಿನಾ ಕುಡಿದು ಬರುತ್ತಾರೆ ಎಂದು ಮಾತಾಯಿತು. ಗಿರಿಜಾ ಎದುರು ಮನೆಯವರಿಗೆ ಒಂದೇ ಮಾತು ಹೇಳಿದಳು: "ನಮ್ಮನೆಯವರು ಕುಡಿಯಲ್ಲ ಕಣ್ರೀ, ಮೂಸ್ತಾರೆ ಅಷ್ಟೆ." ಇದರಿಂದ ನನ್ನ ಮರ್ಯಾದೆ ಹೆಚ್ಚಿತೋ ಕಡಿಮೆಯಾಯಿತೋ ಇವತ್ತಿಗೂ ಗೊತ್ತಿಲ್ಲ.

ಮಾಲ್ಟ್ ಅಂದರೆ ಏನು ಅಂತ ಕೇಳುವವರಿಗೆ ಎರಡು ಮಾತು. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಅದನ್ನೇ ಹುಳಿ ಬರಿಸಿ ಭಟ್ಟಿ ಇಳಿಸುವುದು. ಇಳಿದಾಗ ಅದು ನೀರಿನ ಬಣ್ಣದ ಒರಟು ದ್ರವ. ಓಕ್ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಕೂತ ಮೇಲೇ ಅದಕ್ಕೆ ಬಣ್ಣ, ಗುಣ, ನಡತೆ ಎಲ್ಲ ಬರುವುದು. ಚಳಿ ದೇಶಗಳಲ್ಲಿ ಅದು ನಿಧಾನವಾಗಿ ಹಣ್ಣಾಗುತ್ತದಂತೆ. ನಮ್ಮ ಬಿಸಿಲಿಗೆ ಬೇಗ ಹಣ್ಣಾಗುತ್ತದೆ, ಅಷ್ಟೇ ಬೇಗ ಆವಿಯಾಗಿ ಹೋಗುತ್ತದೆ. ತುಂಬಿಟ್ಟ ಪೀಪಾಯಿಯನ್ನು ಕೆಲವು ವರ್ಷ ಬಿಟ್ಟು ತೆರೆದರೆ ಎದೆ ಧಸಕ್ಕೆನ್ನುವಷ್ಟು ಕಡಿಮೆಯಾಗಿರುತ್ತಿತ್ತು. ಹೀಗೆ ಗಾಳಿಗೆ ಹೋದ ಭಾಗವನ್ನು ನಮ್ಮ ಗೋದಾಮಿನ ಆಳುಗಳು ಶಾನುಭೋಗರ ಪಾಲು ಎಂದು ಕರೆಯುತ್ತಿದ್ದರು. ಯಾರು ತಗೊಂಡರು ಎಂದು ಗೊತ್ತು, ಕೇಳುವ ಹಾಗಿಲ್ಲ ಅಂತ ಅದರ ಅರ್ಥ.

ರಂಗಾಚಾರ್ ಸಾರ್ ನನ್ನ ಮೇಲಧಿಕಾರಿ, ಗುರು, ಇಪ್ಪತ್ತಾರು ವರ್ಷ ಬೈದವರು. ರಾಜಾಜಿನಗರದಿಂದ ಸ್ಕೂಟರಿನಲ್ಲಿ ಬರುತ್ತಿದ್ದರು. ಹಣೆಯಲ್ಲಿ ತೆಳ್ಳನೆಯ ನಾಮ, ಡಬ್ಬಿಯಲ್ಲಿ ಬರೀ ಮೊಸರನ್ನ. ಲಕ್ಷಾಂತರ ಜನ ಕುಡಿದ ವಿಸ್ಕಿಗಳನ್ನು ಹದ ಮಾಡಿದ ಆ ಮನುಷ್ಯ ಒಂದು ತೊಟ್ಟೂ ನುಂಗಿದವರಲ್ಲ. ಮೂಸುವರು, ನಾಲಿಗೆಗೆ ಮುಟ್ಟಿಸುವರು, ಸಿಂಕಿಗೆ ಉಗಿದು ಬಾಯಿ ಮುಕ್ಕಳಿಸುವರು. ಕುಡಿಯದೆ ಹೇಗೆ ಗೊತ್ತಾಗುತ್ತದೆ ಸಾರ್ ಎಂದು ಒಮ್ಮೆ ಕೇಳಿದ್ದೆ. ಸೂಲಗಿತ್ತಿ ಮಗುವನ್ನ ಮನೆಗೆ ಕರ್ಕೊಂಡು ಹೋಗ್ತಾಳೇನಯ್ಯ ಎಂದು ನನ್ನನ್ನೇ ಕೇಳಿದರು. ಬಾರ್ ಎಂಬುದರ ಒಳಗೆ ಅವರು ಕಾಲಿಟ್ಟಿರಲೇ ಇಲ್ಲ.

ಅವರ ಕೋಣೆಯಲ್ಲಿ ಕಾನೂನುಗಳಿದ್ದವು. ಗ್ಲಾಸುಗಳು ನೀಲಿ, ಬಣ್ಣ ನೋಡಿ ಮೋಸ ಹೋಗಬಾರದು ಅಂತ. ಪೀಪಾಯಿಯ ನಂಬರು ಮುಚ್ಚಿಟ್ಟಿರಬೇಕು. ಎಲ್ಲಕ್ಕಿಂತ ದೊಡ್ಡ ಕಾನೂನು, ಚೀಟಿಯ ಮೇಲೆ ಬರೆಯುವ ಮೊದಲು ಯಾರೂ ಬಾಯಿ ಬಿಡಕೂಡದು. ಒಬ್ಬ ಬಾಳೆಹಣ್ಣು ಅಂದರೆ ಉಳಿದ ಮೂವರ ಮೂಗಿಗೂ ಬಾಳೆಹಣ್ಣೇ ಬರುತ್ತದೆ. ಹೊಸಬನಾಗಿದ್ದಾಗ ನಾನು ನಂಬಿರಲಿಲ್ಲ. ಒಂದು ದಿನ ರಂಗಾಚಾರ್ ಸಾರ್ ಬರೀ ಸ್ಪಿರಿಟ್ಟಿಗೆ ನೀರು ಬೆರೆಸಿಟ್ಟು, ಇದರಲ್ಲಿ ಸ್ವಲ್ಪ ಏಲಕ್ಕಿ ಇದೆ ಅಲ್ವೇನಯ್ಯ ಎಂದು ಸುಮ್ಮನೆ ಅಂದರು. ನಾನು ಅರ್ಧ ಪುಟ ಏಲಕ್ಕಿಯ ಬಗ್ಗೆ ಬರೆದುಕೊಟ್ಟೆ. ಆ ಕಾಗದವನ್ನು ಅವರು ಗೋಡೆಗೆ ಅಂಟಿಸಿದರು. ಎರಡು ವರ್ಷ ಅದು ಅಲ್ಲೇ ಇತ್ತು.

ಆಮೇಲೆ ಯಂತ್ರ ಬಂತು. ದ್ರವದ ಒಂದು ಹನಿ ಕೊಟ್ಟರೆ ಅದರಲ್ಲಿ ಏನೇನಿದೆ ಎಂದು ಗೆರೆಗಳಲ್ಲಿ ಬರೆದುಕೊಡುವ ಯಂತ್ರ. ನಮ್ಮ ಕೆಲಸ ಹೋಯಿತು ಅಂತ ನಾನು ಹೆದರಿದ್ದೆ. ರಂಗಾಚಾರ್ ಸಾರ್ ಅದರ ಸುತ್ತ ಒಂದು ಸುತ್ತು ಬಂದು, ಇದಕ್ಕೆ ನೆಗಡಿ ಬರುತ್ತದಾ ಎಂದು ಇಂಜಿನಿಯರನ್ನು ಕೇಳಿದರು. ಬರಲ್ಲ ಸಾರ್ ಅಂದ ಅವನು. ಹಾಗಾದರೆ ನಮ್ಮ ಪೈಕಿ ಅಲ್ಲ ಬಿಡು ಅಂದರು. ಯಂತ್ರ ಒಳ್ಳೆಯದೇ, ನಾನು ಅದನ್ನು ಹಳಿಯುವುದಿಲ್ಲ. ಆದರೆ ಏನಿದೆ ಎಂದು ಹೇಳುತ್ತದೆಯೇ ಹೊರತು ಚೆನ್ನಾಗಿದೆಯಾ ಎಂದರೆ ಸುಮ್ಮನಿರುತ್ತದೆ.

ಈಗ ನನ್ನ ಶನಿವಾರಗಳ ವಿಷಯ. ಹಾಫ್ ಡೇ ಮುಗಿಸಿ ಬಂದು, ಗಿರಿಜಾಗೆ ಹೇಳಿಯೇ, ನಾನು ವಿಜಯನಗರದ ಒಂದು ಸಾಧಾರಣ ಬಾರಿಗೆ ಹೋಗುತ್ತಿದ್ದೆ. ಅಲ್ಲಿ ಮೂರು ಜನ ಗೆಳೆಯರು ಸೇರುತ್ತಿದ್ದೆವು. ನಾನು, ಬಸವೇಶ್ವರನಗರದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಬಸವರಾಜ, ಹೇರೋಹಳ್ಳಿಯ ಕೃಷ್ಣೇಗೌಡ. ಗೌಡನ ಅಪ್ಪನ ರಾಗಿ ಹೊಲದ ಮೇಲೆ ಈಗ ನಾಲ್ಕು ಬೀದಿಗಳಿವೆ, ಮೂರು ಮನೆ ಅವನವೇ. ಬಾರಿನ ಯಜಮಾನ ಮಂಜಣ್ಣ ನಮಗೆ ಫ್ಯಾನಿನ ಕೆಳಗಿನ ಟೇಬಲ್ಲನ್ನು ಬಿಟ್ಟುಕೊಡುತ್ತಿದ್ದ.

ನಾನು ಅಲ್ಲಿ ಕುಡಿದದ್ದಕ್ಕಿಂತ ನೋಡಿದ್ದೇ ಹೆಚ್ಚು. ವಾರವಿಡೀ ಒಂದು ಹನಿಗೆ ಎಷ್ಟು ಧ್ಯಾನ ಮಾಡುತ್ತೇವೋ ಅದು ಇಲ್ಲಿ ಹೇಗೆ ಇಳಿಯುತ್ತದೆ ಎಂಬ ಕುತೂಹಲ ನನಗೆ. ಬಸವರಾಜ ಗ್ಲಾಸನ್ನು ಕಣ್ಣು ಮುಚ್ಚಿ ಔಷಧಿಯಂತೆ ಎತ್ತಿ, ತಕ್ಷಣ ಖಾರ ಹಚ್ಚಿದ ಕಾಂಗ್ರೆಸ್ ಕಡಲೆಕಾಯಿ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಪಕ್ಕದ ಟೇಬಲಿನವರು ಒಳ್ಳೆ ಮಾಲ್ಟಿಗೂ ಕೋಲಾ ಸುರಿಯುತ್ತಿದ್ದರು. ಮೊದಮೊದಲು ಸಂಕಟವಾಗುತ್ತಿತ್ತು, ಆಮೇಲೆ ಅದೂ ಒಂದು ರುಚಿಯೇ ಅಂತ ಒಪ್ಪಿಕೊಂಡೆ. ಗೌಡ ಮಾತ್ರ ಬೇರೆ. ಅವನು ಓದಿದ್ದು ಎಂಟನೇ ಕ್ಲಾಸು. ಗ್ಲಾಸು ಎತ್ತಿದರೆ ಮೊದಲು ಮೂಗಿನ ಹತ್ತಿರ ಹಿಡಿದು, ಇದು ಹೊಸ ಬೆಲ್ಲ, ಇದು ಸುಣ್ಣದ ಗೋಡೆ, ಇದರಲ್ಲಿ ಏನೂ ಇಲ್ಲ ಗುರು, ಬರೀ ಖಾರ ಎನ್ನುತ್ತಿದ್ದ. ಅದೇ ಸರಕನ್ನು ಸೋಮವಾರ ನಮ್ಮ ಕೋಣೆಯಲ್ಲಿ ಮೂಸಿದರೆ ಅವನು ಹೇಳಿದ್ದು ಎಷ್ಟೋ ಸಲ ನಿಜವಾಗುತ್ತಿತ್ತು. ಇಂಥವನು ಸೈಟು ಮಾರಿಕೊಂಡು ಕೂತಿದ್ದಾನಲ್ಲ ಎಂದು ನನಗೆ ಅನ್ನಿಸುತ್ತಿತ್ತು.

ಅಷ್ಟರಲ್ಲಿ, ವಯಸ್ಸು ಮೀರಿದ ಮೇಲೂ ಕಾರ್ಖಾನೆ ಹತ್ತು ವರ್ಷ ಬಿಡದೆ ಉಳಿಸಿಕೊಂಡಿದ್ದ ರಂಗಾಚಾರ್ ಸಾರ್ ಅವರ ನಿವೃತ್ತಿ ಹತ್ತಿರ ಬಂದಿತ್ತು. ಅವರ ಇಡೀ ಜೀವಮಾನದ ಮಾಲ್ಟ್ ಹೋಗಿದ್ದು ಬೆರಕೆ ವಿಸ್ಕಿಗೆ. ಕಬ್ಬಿನ ಸ್ಪಿರಿಟ್ಟಿನ ಜೊತೆ ಸ್ವಲ್ಪ ಮಾಲ್ಟ್ ಸೇರಿಸಿ ಮಾರುವ ಅಗ್ಗದ ಸರಕಿಗೆ. ತಾನೇ ತಾನಾಗಿ, ಬೇರೇನೂ ಬೆರೆಸದೆ, ಒಂದು ಮಾಲ್ಟ್ ಬಾಟಲಿಗೆ ಹೋಗಬೇಕು ಎಂಬುದು ಅವರ ಆಸೆ. ಅದಕ್ಕಾಗಿ ಹನ್ನೊಂದು ಪೀಪಾಯಿಗಳನ್ನು ಗೋದಾಮಿನ ಬಡಗಣ ಮೂಲೆಯಲ್ಲಿ, ಬಿಸಿಲು ತಾಗದ ಕಡೆ, ಮಕ್ಕಳನ್ನು ಸಾಕಿದ ಹಾಗೆ ಸಾಕಿದ್ದರು. ಮಾಲ್ಟಿಗೆ ಈಗ ಬೇಡಿಕೆ ಇದ್ದುದರಿಂದ ಆಡಳಿತದವರೂ ಒಪ್ಪಿದ್ದರು. ಅವರೂ ನಾನೂ ಇಬ್ಬರೇ ಮಾಡಬೇಕಾದ ಕೊನೆಯ ಪರೀಕ್ಷೆ ಮಾತ್ರ ಬಾಕಿ ಇತ್ತು.

ನನ್ನ ತಪ್ಪು ಶುರುವಾದದ್ದು ಇಲ್ಲಿ. ಪರೀಕ್ಷೆಗೆ ಮೂರು ದಿನ ಮುಂಚಿನ ಶನಿವಾರ, ಹನ್ನೊಂದೂ ಪೀಪಾಯಿಗಳಿಂದ ತೆಗೆದು ಒಟ್ಟು ಮಾಡಿದ ಸ್ಯಾಂಪಲ್ಲನ್ನು ಒಂದು ಚಿಕ್ಕ ಬಾಟಲಿಯಲ್ಲಿ ಹೊರಗೆ ತಂದೆ. ಅದು ಕಾನೂನಿಗೆ ವಿರುದ್ಧ, ಯಾರೂ ಮಾಡಬಾರದ ಕೆಲಸ. ಗೌಡ ಏನು ಹೇಳುತ್ತಾನೆ ಎಂಬ ಕುತೂಹಲ ತಡೆಯಲಾಗಲಿಲ್ಲ. ಇದು ಬಹಳ ದೊಡ್ಡ ಮಾಲು ಎಂದು ಮಂಜಣ್ಣನ ಕಿವಿಯಲ್ಲಿ ಹೇಳಿದೆ. ಅವನು ಗೌರವದಿಂದ ನಮ್ಮ ಮಾಮೂಲಿ ಗ್ಲಾಸುಗಳನ್ನು ಬದಿಗೆ ಸರಿಸಿ, ಒಳಗಿಂದ ಉದ್ದ ಕಾಲಿನ ಮೂರು ಗ್ಲಾಸು ತಂದ. ಇವನ್ನು ಯಾರಿಗೂ ಕೊಡಲ್ಲ ಸಾರ್ ಎಂದ. ನಾನು ಹನಿಹನಿಯಾಗಿ ಬಗ್ಗಿಸಿದೆ.

ಗೌಡ ಮೂಗಿಗೆ ಹಿಡಿದ. ಮುಖ ಕಿವುಚಿದ. "ಗುರು, ಬೇಜಾರ್ ಮಾಡ್ಕೋಬೇಡ. ಒದ್ದೆ ಗೋಣಿಚೀಲದ ವಾಸ್ನೆ."

ಬಸವರಾಜ ತಾನೂ ಮೂಸಿ, ಹೌದು ಹೌದು ಗೋಣಿಚೀಲ ಅಂದ. ನಾನೂ ಮೂಸಿದೆ. ಗೋಣಿಚೀಲ ಇತ್ತು.  ಪೀಪಾಯಿಯ ಮರಕ್ಕೆ ಬೂಸು ಹತ್ತಿದರೆ ಹಾಗೆ ಬರುತ್ತದೆ. ಅದು ಒಮ್ಮೆ ಹತ್ತಿದರೆ ಬಿಡುವುದಿಲ್ಲ. ಉಳಿದದ್ದನ್ನು ಮನೆಗೆ ತಂದು ಬೀರುವಿನಲ್ಲಿಟ್ಟು ಮೂರು ರಾತ್ರಿ ನಿದ್ದೆ ಇಲ್ಲದೆ ಹೊರಳಾಡಿದೆ.

ಮಂಗಳವಾರ ಪರೀಕ್ಷೆಯ ದಿನ ನೀಲಿ ಗ್ಲಾಸು ಎತ್ತುವ ಮೊದಲೇ ನನ್ನ ಮೂಗಿನಲ್ಲಿ ಗೋಣಿಚೀಲ ಕೂತಿತ್ತು. ಎತ್ತಿದೆ, ಅದೇ ಬಂತು. ಚೀಟಿಯಲ್ಲಿ ಒದ್ದೆ ಗೋಣಿ, ಬೂಸು, ಮರದ ದೋಷ ಎಂದು ಬರೆದೆ. ರಂಗಾಚಾರ್ ಸಾರ್ ನನ್ನ ಚೀಟಿ ಓದಿ ತಮ್ಮ ಚೀಟಿ ನೋಡಿಕೊಂಡರು. ಮತ್ತೆ ಮೂಸಿದರು. ಕಿಟಕಿಯ ಹತ್ತಿರ ಹೋಗಿ ಉಸಿರು ಬಿಟ್ಟು ಬಂದು ಮತ್ತೆ ಮೂಸಿದರು. ಯಂತ್ರದ ಕಾಗದದಲ್ಲಿ ದೋಷವೇನೂ ಕಾಣಲಿಲ್ಲ, ಆದರೆ ಬೂಸಿನ ವಾಸನೆ ಯಂತ್ರಕ್ಕೆ ಸಿಗದಷ್ಟು ಕಡಿಮೆಯಿದ್ದರೂ ಮೂಗಿಗೆ ಸಿಗುತ್ತದೆ ಎಂದು ನಮಗಿಬ್ಬರಿಗೂ ಗೊತ್ತಿತ್ತು. ಅರ್ಧ ಗಂಟೆ ಆದ ಮೇಲೆ ತಮ್ಮ ಚೀಟಿಯನ್ನು ಹರಿದು ಜೇಬಿಗೆ ಹಾಕಿಕೊಂಡರು.

"ನನಗೆ ಸಿಗ್ತಾ ಇಲ್ಲ ಕಣಯ್ಯ. ನಿನ್ನ ಮೂಗಿಗೆ ಇನ್ನೂ ವಯಸ್ಸಾಗಿಲ್ಲ, ಗಟ್ಟಿಯಾಗಿದೆ. ನನ್ನದು ಮುಗೀತು ಅಂತ ಕಾಣುತ್ತೆ."

ಹನ್ನೊಂದೂ ಪೀಪಾಯಿಗಳು ಬೆರಕೆಯ ತೊಟ್ಟಿಗೆ ಹೋದವು. ಮೂರು ತಿಂಗಳಿಗೆ ಅವರು ನಿವೃತ್ತರಾದರು. ಬೀಳ್ಕೊಡುಗೆಯಲ್ಲಿ ಹಾರ ಹಾಕಿದಾಗ, ಮಲ್ಲಿಗೆಯೋ ಸುಗಂಧರಾಜವೋ ಎಂದು ಪಕ್ಕದವರನ್ನು ಕೇಳಿದರು. ತಮಾಷೆ ಎಂದುಕೊಂಡು ಎಲ್ಲರೂ ನಕ್ಕೆವು.

ಮೂರು ವರ್ಷ ಕಳೆದು ನನ್ನ ನಿವೃತ್ತಿಯೂ ಆಯಿತು. ಆ ಶನಿವಾರ ಮಂಜಣ್ಣ ನನ್ನ ಗೌರವಕ್ಕೆ ಅಂತ ಮತ್ತೆ ಕಾಲಿನ ಗ್ಲಾಸುಗಳನ್ನು ತಂದಿಟ್ಟ. ನನಗೆ ಹೊಟ್ಟೆ ಉರಿ ಇತ್ತು. ಡಾಕ್ಟರು ಒಂದು ತಿಂಗಳು ಏನೂ ಬೇಡ ಎಂದಿದ್ದರು. ಗ್ಲಾಸಿಗೆ ಬರೀ ನೀರು ಹಾಕಿಸಿಕೊಂಡೆ. ಬಾಯಿಗೆ ತರುತ್ತಿದ್ದ ಹಾಗೆ ಬಂತು: ಒದ್ದೆ ಗೋಣಿಚೀಲ.

ನಾನು ಎದ್ದು ಅಡುಗೆಮನೆಯ ಹಿಂದಿನ ಕೋಣೆಗೆ ಹೋದೆ. ಕಲ್ಲಿನ ಹಲಗೆಯ ಮೇಲೆ ಮಡಿಸಿದ ಹಳೆಯ ಗೋಣಿ, ಅದರ ಮೇಲೆ ಕಾಲಿನ ಗ್ಲಾಸುಗಳು ತಲೆಕೆಳಗಾಗಿ ಸಾಲಾಗಿ ಕೂತಿದ್ದವು. ಕಲ್ಲಿಗೆ ತಾಗಿದರೆ ಅಂಚು ಒಡೆಯುತ್ತೆ ಸಾರ್, ಅದಕ್ಕೇ ಗೋಣಿ ಎಂದ ಮಂಜಣ್ಣ. ಮಾಮೂಲಿ ಗ್ಲಾಸುಗಳು ದಿನಕ್ಕೆ ಹತ್ತು ಸಲ ನೀರು ಕಾಣುತ್ತವೆ. ಇವು ದೊಡ್ಡವರಿಗೆ ಅಂತ ತಿಂಗಳುಗಟ್ಟಲೆ ಗೋಣಿಯ ಉಸಿರನ್ನು ಒಳಗೆ ತುಂಬಿಕೊಂಡು ಕಾದಿದ್ದವು. ಗೌಡ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಮಾತ್ರ ಗ್ಲಾಸಿನ ವಾಸನೆಯನ್ನು ತಲೆಯಲ್ಲಿ ಹೊತ್ತುಕೊಂಡು ಹೋಗಿ ಪೀಪಾಯಿಯ ಮೇಲೆ ಹಾಕಿದ್ದೆ.

ಯಾರಿಗೂ ಹೇಳದೆ ಇದ್ದುಬಿಡಬಹುದಿತ್ತು. ಮಾಲ್ಟ್ ಹೇಗೂ ಹೋಯಿತು, ಹಳೆಯ ಗಾಯ ಕೆದಕುವುದು ಯಾಕೆ ಎಂದು ಬಸವರಾಜ ಅಂದ. ನನಗೂ ಹಾಗೇ ಅನ್ನಿಸುತ್ತಿತ್ತು. ಆದರೆ ಗಿರಿಜಾ ಒಂದು ಮದುವೆಯಲ್ಲಿ ರಂಗಾಚಾರ್ ಅವರ ಹೆಂಡತಿಯನ್ನು ನೋಡಿ ಬಂದಿದ್ದಳು. ಅವರು ಈಗ ಹಾಲು ಒಡೆದಿದೆಯಾ ಅಂತಲೂ ಹೆಂಡತಿಯನ್ನೇ ಕೇಳುತ್ತಾರಂತೆ. ತುಳಸಿ ಕಿತ್ತು ಮೂಸುವುದನ್ನೂ ಬಿಟ್ಟಿದ್ದಾರಂತೆ. ಡಾಕ್ಟರಿಗೆ ತೋರಿಸಿದರೆ ಏನೂ ಇಲ್ಲ ಅಂದರಂತೆ. ಇದನ್ನು ಕೇಳಿದ ಮೇಲೆ ನನಗೆ ಅನ್ನ ಸೇರಲಿಲ್ಲ. ನಾನು ಅವರ ಹನ್ನೊಂದು ಪೀಪಾಯಿ ಕಳೆದಿದ್ದೆ, ಅದಾದರೂ ಹೋಗಲಿ. ಅವರ ಮೂಗಿನ ಮೇಲೆ ಅವರಿಗಿದ್ದ ನಂಬಿಕೆಯೂ ನನ್ನ ಚೀಟಿಯಿಂದ ಹೋಗಿತ್ತು. ಅದನ್ನು ವಾಪಸು ಕೊಡಬಹುದಿತ್ತು, ನಾನು ನಾಚಿಕೆ ಬಿಟ್ಟರೆ.

ಮರುದಿನ ಬೆಳಿಗ್ಗೆ ರಾಜಾಜಿನಗರಕ್ಕೆ ಹೋದೆ. ಸ್ಯಾಂಪಲ್ ಹೊರಗೆ ತಂದದ್ದರಿಂದ ಹಿಡಿದು ಗೋಣಿಯವರೆಗೆ ಎಲ್ಲವನ್ನೂ ಹೇಳಿದೆ.  ಮುಗಿದ ಮೇಲೆ ಅವರು ಕೈಯಲ್ಲಿದ್ದ ಪೇಪರನ್ನು ಸಿಟ್ಟಿನಿಂದ ಮಡಿಸಿ ಪಕ್ಕಕ್ಕೆ ಎಸೆದರು.  

"ಮೂರು ವರ್ಷ ಕಣಯ್ಯ. ಮೂರು ವರ್ಷದಿಂದ ನಮ್ಮನೆ ಕಾಫಿ ಘಮ ಬಂದ್ರೂ ಇದು ನಿಜವಾ, ನೆನಪಾ ಅಂತ ಯೋಚನೆ ಮಾಡ್ತಾ ಕೂತಿದೀನಿ."

ನಾನು ಕಾಲಿಗೆ ಬೀಳಲು ಹೋದೆ. ಬೇಡ ಅಂತ ಕೈ ಅಡ್ಡ ಮಾಡಿದರು. ನನ್ನ ಕಣ್ಣಲ್ಲಿ ನೀರು ಬಂದಿತ್ತು, ಅವರು ಅದನ್ನು ಗಮನಿಸಲಿಲ್ಲ. ಅವರ ಯೋಚನೆ ಬೇರೆಲ್ಲೋ ಓಡುತ್ತಿತ್ತು. ಆ ಗ್ಲಾಸುಗಳು ಈಗಲೂ ಹಾಗೇ ಇವೆಯಾ ಎಂದು ಕೇಳಿದರು. ಇವೆ ಅಂದೆ. ಬೀರುವಿನಲ್ಲಿ ಬಾಟಲಿ? ಅದೂ ಇದೆ ಅಂದೆ. ಎದ್ದು ಒಳಗೆ ಹೋಗಿ ಪಂಚೆ ಬದಲಿಸಿ ಪ್ಯಾಂಟು ಹಾಕಿಕೊಂಡು ಬಂದರು. ಅವರ ಹೆಂಡತಿ ಎಲ್ಲಿಗೆ ಅಂದರು. ಬಾರಿಗೆ ಅಂದರು ರಂಗಾಚಾರ್ ಸಾರ್. ಆಕೆ ಕೈಯಲ್ಲಿದ್ದ ಲೋಟ ಕೆಳಗಿಟ್ಟು ನನ್ನ ಮುಖ ನೋಡಿದರು.

ದಾರಿಯಲ್ಲಿ ನಮ್ಮ ಮನೆಗೆ ಹೋಗಿ ಬಾಟಲಿ ತಗೊಂಡು, ಗೌಡನಿಗೆ ಫೋನ್ ಮಾಡಿ ಬರಹೇಳಿದೆ. ಮಧ್ಯಾಹ್ನಕ್ಕೆ ಮುಂಚೆ ಬಾರು ಖಾಲಿ ಇತ್ತು. ರಂಗಾಚಾರ್ ಸಾರ್ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದರು: ಫ್ಯಾನು, ಕಡಲೆಕಾಯಿಯ ತಟ್ಟೆ, ಗೋಡೆಯ ಕ್ಯಾಲೆಂಡರು, ಬಾಟಲಿಗಳ ಸಾಲು. ಆ ಸಾಲಿನಲ್ಲಿ ಅವರು ಹದ ಮಾಡಿದವೇ ಐದಾರಿದ್ದವು. ಕಾಲಿನ ಗ್ಲಾಸೊಂದನ್ನು ತೊಳೆಯದೆ ಹಾಗೇ ತರಲು ಹೇಳಿದರು. ಅದರ ಬಾಯಿಗೆ ಅಂಗೈ ಮುಚ್ಚಿ, ಕೈಯಲ್ಲೇ ಬೆಚ್ಚಗೆ ಮಾಡಿ, ಕಣ್ಣು ಮುಚ್ಚಿ ಮೂಸಿದರು. 

"ಗೋಣಿ," ಅಂದರು. "ಒಂದ್ಸಲ ನೆನೆದು ಒಣಗಿರೋದು. ಹಿಂದೆ ಇದರಲ್ಲಿ ಈರುಳ್ಳಿ ಇತ್ತು."

ಮಂಜಣ್ಣ ಬೆರಗಾಗಿ, ಹೌದು ಸಾರ್, ಈರುಳ್ಳಿ ಚೀಲನೇ ಅಂದ. ಈರುಳ್ಳಿ ನನಗೂ ಸಿಕ್ಕಿರಲಿಲ್ಲ, ಗೌಡನಿಗೂ ಸಿಕ್ಕಿರಲಿಲ್ಲ. ರಂಗಾಚಾರ್ ಸಾರ್ ಗ್ಲಾಸನ್ನು ಕೆಳಗಿಟ್ಟು ಮತ್ತೆ ಎತ್ತಿದರು, ಮತ್ತೆ ಮೂಸಿದರು, ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಬಿಸಿನೀರಿನಲ್ಲಿ ಮೂರು ಸಲ ತೊಳೆಯಿರಿ, ಬಟ್ಟೆ ಹಾಕಬೇಡಿ, ಗಾಳಿಗೆ ಒಣಗಲಿ ಎಂದು ಮಂಜಣ್ಣನಿಗೆ ಹೇಳಿದರು. ದನಿ ಹಳೆಯ ಕೋಣೆಯ ದನಿಯೇ ಆಗಿತ್ತು.

ಹೊರಗಿನ ಬಾಟಲಿ ತರಕೂಡದು ಎಂಬ ಫಲಕಕ್ಕೆ ಮಂಜಣ್ಣ ಬೆನ್ನು ಮಾಡಿ ನಿಂತ. ಒಣಗಿದ ಗ್ಲಾಸಿಗೆ ನಾನು ಬೀರುವಿನ ಬಾಟಲಿಯಿಂದ ಬಗ್ಗಿಸಿ ಗೌಡನ ಮುಂದಿಟ್ಟೆ. ಈ ಹಿರಿಯರು ಯಾರೆಂದು ಗೌಡನಿಗೆ ನಾನು ಹೇಳಿರಲಿಲ್ಲ. ನಮ್ಮ ಕಡೆಯವರು ಅಂದಿದ್ದೆ ಅಷ್ಟೆ. ಅವನು ಮೂಗಿಗೆ ಹಿಡಿದ. ಒಂದು ಗುಟುಕು ತಗೊಂಡು ಬಾಯಲ್ಲೇ ಇಟ್ಟುಕೊಂಡ. ಕಡಲೆಕಾಯಿಯ ತಟ್ಟೆಯನ್ನು ದೂರ ತಳ್ಳಿದ.

"ನಮ್ಮವ್ವ ರಾಗಿ ಹುರಿಟ್ಟು ಮಾಡೋ ದಿನ ಮನೆ ತುಂಬಾ ಒಂದು ಘಮ ಬರೋದು," ಎಂದ ನಿಧಾನವಾಗಿ. "ಅವ್ವ ಹೋದ್ಮೇಲೆ ಇವತ್ತೇ ನಾನು ಅದನ್ನ ಕಂಡಿದ್ದು. ಯಾರು ಗುರು ಇದನ್ನ ಮಾಡಿದ್ದು?"

ನಾನು ಬಾಯಿ ತೆರೆಯುವಷ್ಟರಲ್ಲಿ ಪಕ್ಕದಿಂದ ಉತ್ತರ ಬಂತು. "ನಾನು," ಅಂದರು ರಂಗಾಚಾರ್ ಸಾರ್.

ಗೌಡ ತಟ್ಟನೆ ಎದ್ದು ನಿಂತ. ನಮಸ್ಕಾರ ಮಾಡೋಣವೆಂದರೆ ಕೈಯಲ್ಲಿ ಗ್ಲಾಸು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಅತ್ತಿತ್ತ ನೋಡಿದ. ರಂಗಾಚಾರ್ ಸಾರ್ ತಮ್ಮ ಕುರ್ಚಿಯನ್ನು ಎಳೆದು ಅವನ ಎದುರಿಗೆ ಹಾಕಿಕೊಂಡರು.

"ಕೂತ್ಕೊಂಡು ಕುಡೀರಿ," ಅಂದರು. "ನಾನು ನೋಡ್ಬೇಕು."